ಅಪ್‌ಡೇಟ್: ಗುದದ್ವಾರದ ಪಕ್ಕದ ಗಂಟು ಏನಂತ ಗೊತ್ತಾಯ್ತು

ಹತ್ತು ದಿನದ ಹಿಂದೆ ಕೇಳಿದ್ದೆನಲ್ಲ, ಗುದದ್ವಾರದ ಅಂಚಲ್ಲಿ ರಾತ್ರೋರಾತ್ರಿ ಎದ್ದ ಕಡಲೆಕಾಳಿನಷ್ಟು ನೀಲಿ ಗಂಟು, ಕೂರೋಕಾಗದ ನೋವು ಅಂತ. ಅದು ಕುರು ಅಲ್ಲ. ಹೊರಗಿನ ಮೂಲವ್ಯಾಧಿಯಲ್ಲಿ ರಕ್ತ ಹೆಪ್ಪುಗಟ್ಟಿದ್ದು. ಜಯನಗರದಲ್ಲಿ ಸರ್ಜನ್ ನೋಡಿದ ತಕ್ಷಣ ಹೇಳಿದರು.

ಕೆಲಸ ಮಾಡಿದ್ದು ಇಲ್ಲಿ ಕೆಲವರು ಕೊಟ್ಟಿದ್ದ, ಟಬ್‌ನ ನೀರಲ್ಲಿ ಕೂರೋ ಸಲಹೆ: ಬರೀ ಉಗುರುಬೆಚ್ಚಗಿನ ನೀರು, 10–15 ನಿಮಿಷ, ದಿನಕ್ಕೆ ಮೂರು ಸಲ, ಅದರಲ್ಲೂ ಟಾಯ್ಲೆಟ್‌ಗೆ ಹೋಗಿ ಬಂದ ಮೇಲೆ. ಆಂಟಿಸೆಪ್ಟಿಕ್ ಬೆರೆಸಬೇಡಿ, ಚರ್ಮ ಉರಿಯುತ್ತೆ. ಜೊತೆಗೆ ಮಲ ಮೆತ್ತಗಾಗೋಕೆ ರಾತ್ರಿ ಎರಡು ಚಮಚ ಇಸಬ್‌ಗೋಲ್, ದೊಡ್ಡ ಲೋಟ ನೀರಲ್ಲಿ. ನೀರು ಕಮ್ಮಿ ಕುಡಿದರೆ ಅದೇ ಮಲ ಕಟ್ಟಿಸುತ್ತೆ. ಪೈಲ್ಸ್ ಮುಲಾಮಿಂದ ಗಂಟು ಕರಗಲಿಲ್ಲ. 'ಸೂಜಿ ಚುಚ್ಚಿ ಹಿಂಡಿ' ಅಂದವರು ಕ್ಷಮಿಸಿ, ಹಾಗೆ ಮಾಡಿದರೆ ಸೋಂಕು ತಗುಲಬಹುದು ಅಂದರು ಡಾಕ್ಟರ್.

ಗೊತ್ತೇ ಇರದಿದ್ದ ವಿಷಯ: ಕೊಯ್ಸಿ ತೆಗೆಸೋದಾದರೆ ಗಂಟು ಎದ್ದ ಮೊದಲ 72 ಗಂಟೆಯೊಳಗೇ ಹೆಚ್ಚು ಲಾಭ. ಆಮೇಲೆ ನೋವು ತಾನಾಗೇ ಇಳಿಯುತ್ತೆ, ಗಂಟು ಕರಗೋಕೆ ಮಾತ್ರ ವಾರಗಳೇ ಬೇಕು. ಕೊನೆಗೆ ಚರ್ಮದ ಸಣ್ಣ ಜೋಲು ಉಳಿಯಬಹುದು, ಅದರಿಂದ ತೊಂದರೆ ಇಲ್ಲ.

ಜ್ವರ, ಕೆಂಪು, ಬಿಸಿ, ಮಿಡಿಯೋ ನೋವು ಇದ್ದರೆ ಒಳಗೆ ಕೀವಿರಬಹುದು. ಟಬ್ ನಂಬಿ ಕೂರದೆ ಅವತ್ತೇ ಸರ್ಜನ್ ಹತ್ತಿರ ಹೋಗಿ. ನೋವಿಲ್ಲದೆ ಗಟ್ಟಿಯಾಗಿ ಬೆಳೆಯೋ ಗಂಟನ್ನೂ ತೋರಿಸಿ.