ಮಳೆಗಾಲ ಪೂರ್ತಿ ಅಟ್ಟದಲ್ಲಿದ್ದ ಚೈನ್ ಸಾ ಬ್ಯಾಟರಿ ಚಾರ್ಜೇ ಆಗುತ್ತಿಲ್ಲ, ಎಬ್ಬಿಸಬಹುದಾ?

ನೀರ್ಚಾಲು ತೋಟಿಗ
ಗೆಲ್ಲು ಕಡಿಯಲು ತೆಗೆದುಕೊಂಡ ಸಣ್ಣ ಬ್ಯಾಟರಿ ಚೈನ್ ಸಾ ಇದೆ. ಮೇ ಕೊನೆಗೆ ಕೆಲಸ ಮುಗಿಸಿ, ಖಾಲಿಯಾದ ಬ್ಯಾಟರಿಯನ್ನು ಹಾಗೇ ಅಟ್ಟದಲ್ಲಿಟ್ಟೆ. ಮಳೆ, ಅಡಕೆಗೆ ಮದ್ದು ಬಿಡುವ ಗಡಿಬಿಡಿ, ಎಲ್ಲ ಸೇರಿ ಮರೆತೇ ಹೋಯಿತು. ದೀಪಾವಳಿ ಕಳೆದು ತೆಗೆದರೆ ಚಾರ್ಜರ್‌ನಲ್ಲಿ ಕೆಂಪು ದೀಪ ಎರಡು ಸಲ ಮಿನುಗಿ ಸುಮ್ಮನಾಗುತ್ತದೆ. ಮೇಲೆ 21 ವೋಲ್ಟ್ ಅಂತ ಬರೆದಿದೆ, ಮೀಟರ್ ಇಟ್ಟರೆ ಸೊನ್ನೆ! ಪೇಟೆಯಲ್ಲಿ ಕೇಳಿದರೆ ಹೊಸದೇ ತೆಗೆದುಕೊಳ್ಳಿ ಅಂದರು. ಏನಾದರೂ ದಾರಿ ಇದೆಯಾ?

ಮುಳ್ಳೇರಿಯ ಮಾಣಿ
ಅಣ್ಣ, ಸುಲಭ. ಚಾರ್ಜ್ ಇರುವ ಇನ್ನೊಂದು ಬ್ಯಾಟರಿಗೆ ವಯರಲ್ಲಿ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಒಂದು ನಿಮಿಷ ಮುಟ್ಟಿಸಿ. ಆಮೇಲೆ ಚಾರ್ಜರ್ ತಾನಾಗಿಯೇ ಹಿಡಿಯುತ್ತದೆ. ನಾನು ಟಾರ್ಚಿನದ್ದು ಹೀಗೇ ಎಬ್ಬಿಸಿದ್ದೇನೆ.

ಪೆರ್ಲ ರಿಪೇರಿ
ಮಾಣಿ, ನಿನ್ನ ಟಾರ್ಚ್ ಬಚಾವಾದದ್ದು ಪುಣ್ಯ ಮಾರಾಯ. ಹಾಗೆ ಮುಟ್ಟಿಸಿದರೆ ಕರೆಂಟಿಗೆ ಯಾವ ಹಿಡಿತವೂ ಇರುವುದಿಲ್ಲ, ಸೊರಗಿದ ಸೆಲ್‌ಗೆ ಒಮ್ಮೆಲೇ ನುಗ್ಗುತ್ತದೆ.

ತೋಟಿಗರೇ, ಹೊರಗೆ ಸೊನ್ನೆ ತೋರಿಸಿದರೆ ಒಳಗೂ ಸೊನ್ನೆ ಅಂತಲ್ಲ. ವೋಲ್ಟ್ ತೀರಾ ಇಳಿದಾಗ ಒಳಗಿನ ರಕ್ಷಣಾ ಬೋರ್ಡು ಲೈನ್ ಕಡಿದು ಬಿಡುತ್ತದೆ. ಆ ಬೋರ್ಡೂ ಸ್ವಲ್ಪ ಸ್ವಲ್ಪ ಕರೆಂಟು ಕುಡಿಯುತ್ತಲೇ ಇರುತ್ತದೆ, ಹಾಗಾಗಿ ಖಾಲಿ ಬ್ಯಾಟರಿ ಐದು ತಿಂಗಳಲ್ಲಿ ಇನ್ನೂ ಕೆಳಗೆ ಹೋಗುತ್ತದೆ. 21 ವೋಲ್ಟ್ ಅಂದರೆ ಸಾಲಾಗಿ 5 ಲಿಥಿಯಂ ಸೆಲ್, ಪೂರ್ತಿ ತುಂಬಿದಾಗ ಒಂದೊಂದಕ್ಕೆ 4.2. ಪೆಟ್ಟಿಗೆ ಬಿಚ್ಚಿ ಒಂದೊಂದನ್ನೇ ಅಳೆದು ಹೇಳಿ. ಮೀಟರಿನ ಕಡ್ಡಿ ಜಾರಿ, ಸೆಲ್‌ಗಳನ್ನು ಜೋಡಿಸುವ ಲೋಹದ ಪಟ್ಟಿಗಳಲ್ಲಿ ಎರಡಕ್ಕೆ ಒಟ್ಟಿಗೆ ತಾಗದಂತೆ ನೋಡಿಕೊಳ್ಳಿ. ಯಾವುದಾದರೂ ಉಬ್ಬಿದ್ದರೆ, ಸೋರಿದ್ದರೆ, ಸಿಹಿ ಸಿಹಿ ವಾಸನೆ ಇದ್ದರೆ ಅಲ್ಲಿಗೇ ಬಿಡಿ.

ನೀರ್ಚಾಲು ತೋಟಿಗ
ಅಳೆದೆ. 2.7, 2.6, 2.7, 2.5, ಕೊನೆಯದ್ದು 0.4. ಉಬ್ಬಿಲ್ಲ.

ಪೆರ್ಲ ರಿಪೇರಿ
ನಾಲ್ಕು ಬದುಕಿವೆ. 0.4ರದ್ದನ್ನು ದಯವಿಟ್ಟು ಎಬ್ಬಿಸಬೇಡಿ. 1.5ಕ್ಕಿಂತ ಕೆಳಗೆ ವಾರಗಟ್ಟಲೆ ಬಿದ್ದಿದ್ದರೆ ಒಳಗಿನ ತಾಮ್ರದ ಹಾಳೆ ಕರಗಲು ಶುರುವಾಗುತ್ತದೆ, ಚಾರ್ಜ್ ಮಾಡುವಾಗ ಅದೇ ತಾಮ್ರ ಬೇರೆಡೆ ಕೂತು ಒಳಗೊಳಗೇ ಶಾರ್ಟ್ ಮಾಡುತ್ತದೆ. ಇವತ್ತು ಚಾರ್ಜ್ ಹಿಡಿದಂತೆ ಕಾಣಬಹುದು, ಬೆಂಕಿ ಮುಂದಿನ ತಿಂಗಳು ಬರಬಹುದು.

ಉಳಿದವನ್ನು ಬಿಡಿಸಿ, ಒಂದೊಂದಾಗಿ ಟಿಪಿ4056 ಬೋರ್ಡಿನಲ್ಲಿ (ಒಂದು ಸೆಲ್ ಚಾರ್ಜ್ ಮಾಡುವ ಸಣ್ಣ ಬೋರ್ಡು) ಹಾಕಿ. ಸೆಲ್ 2.9 ವೋಲ್ಟಿಗಿಂತ ಕೆಳಗಿದ್ದರೆ ಅದು ತಾನಾಗಿಯೇ ಮೆಲ್ಲ, ಪೂರ್ತಿ ಕರೆಂಟಿನ ಹತ್ತರಲ್ಲಿ ಒಂದು ಪಾಲು ಮಾತ್ರ ಕೊಡುತ್ತದೆ, ಮೇಲೆ ಬಂದ ನಂತರ ಜೋರು. ಕೈಗೆ ಬಿಸಿ ತಾಗಿದರೆ ತೆಗೆಯಿರಿ. ಜಾಗ ಸಿಮೆಂಟ್ ನೆಲವೇ ಆಗಬೇಕು, ಅಟ್ಟ ಅಲ್ಲ, ಒಣ ಅಡಕೆ ಸಿಪ್ಪೆಯ ಹತ್ತಿರವಂತೂ ಬೇಡವೇ ಬೇಡ. ರಾತ್ರಿ ಹಾಕಿ ಮಲಗುವ ಅಭ್ಯಾಸವೂ ಬೇಡ. ತುಂಬಿದ ಮೇಲೆ ಒಂದು ವಾರ ಸುಮ್ನೆ ಇಟ್ಟು ಮತ್ತೆ ಅಳೆಯಿರಿ. 4.15ರ ಆಸುಪಾಸು ನಿಂತರೆ ಒಳ್ಳೆಯದು, 3.9ಕ್ಕೆ ಇಳಿದದ್ದು ಕೆಲಸಕ್ಕಿಲ್ಲ.

ಆದರೂ ಒಂದೇ ಹೊಸ ಸೆಲ್ ಹಾಕಿ ಹಳೇ ನಾಲ್ಕರ ಜೊತೆ ಕಟ್ಟಬೇಡಿ. ಅಳತೆ ಹೊಂದುವುದಿಲ್ಲ, ಸೋತ ಸೆಲ್ ಬೇಗ ಖಾಲಿಯಾಗಿ ಮತ್ತೆ ಇದೇ ಕಥೆ. ನಾನಾದರೆ ಐದೂ ಹೊಸದು ಹಾಕಿ, ಒಳ್ಳೆಯ ನಾಲ್ಕನ್ನು ಒಂದೇ ಸೆಲ್‌ನ ಟಾರ್ಚಿಗೆ ಬಳಸುತ್ತೇನೆ. ಪಟ್ಟಿಯನ್ನು ಸ್ಪಾಟ್ ವೆಲ್ಡ್ ಮಾಡಿಸಿ, ಸೆಲ್ ಮೇಲೆ ನೇರ ಬೆಸುಗೆ ಹಾಕಿದರೆ ಬಿಸಿಗೆ ಕೆಡುತ್ತದೆ.

ಮುಳ್ಳೇರಿಯ ಮಾಣಿ
ಸರಿ ಅಣ್ಣ, ಒಪ್ಪಿದೆ. 😅 ಆ ಸತ್ತ ಸೆಲ್ ಎಲ್ಲಿ ಬಿಸಾಡುವುದು?

ಪೆರ್ಲ ರಿಪೇರಿ
ಎರಡೂ ತುದಿಗೆ ಟೇಪ್ ಸುತ್ತಿ ಮನೆ ಮನೆಯಿಂದ ಕಸ ಒಯ್ಯುವ ಹರಿತ ಕರ್ಮ ಸೇನೆಯವರಿಗೆ ಕೊಡು, ಇ-ತ್ಯಾಜ್ಯ ಯಾವಾಗ ತೆಗೆದುಕೊಳ್ಳುತ್ತಾರೆ ಅಂತ ಕೇಳಿಕೋ. ತೋಡಿಗೆ ಎಸೆಯಬೇಡ.

ನೀರ್ಚಾಲು ತೋಟಿಗ
ವಾರ ಕಳೆಯಿತು. ಮೂರು 4.16ರಲ್ಲಿ ನಿಂತಿವೆ, 2.5 ಇದ್ದದ್ದು ಮಾತ್ರ 3.8ಕ್ಕೆ ಇಳಿದಿದೆ, ಅದನ್ನೂ ಟೇಪ್ ಸುತ್ತಿ ತೆಗೆದಿಟ್ಟೆ. ಪ್ಯಾಕಿಗೆ ಐದೂ ಹೊಸದೇ ಹಾಕಿಸುತ್ತೇನೆ. ಮುಂದಿನ ಮಳೆಗಾಲಕ್ಕೆ ಹೇಗಿಡುವುದು?

ಪೆರ್ಲ ರಿಪೇರಿ
ಅರ್ಧ ಚಾರ್ಜಿನಲ್ಲಿ, ಅಂದರೆ ಸೆಲ್‌ಗೆ 3.7, 3.8ರ ಹಾಗೆ. ಗರಗಸದಿಂದ ಕಳಚಿ ಒಣ ಜಾಗದಲ್ಲಿಡಿ, ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಒಮ್ಮೆ ಅಳೆದು ನೋಡಿ.