ಗರ್ಭಿಣಿಗೆ ರಾತ್ರಿ ಕೈ ಜೋಮು, ಮಣಿಕಟ್ಟಿನ ನೋವು: ಫಿಸಿಯೋಥೆರಪಿಸ್ಟ್ ಅವರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ ಈಗ 31 ವಾರ, ಚೊಚ್ಚಲ ಹೆರಿಗೆ. ದಾವಣಗೆರೆಯಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದು, ದಿನವಿಡೀ ಕಂಪ್ಯೂಟರಿನ ಮುಂದೆ ಕುಳಿತಿರುತ್ತೇನೆ. ಮೂರು ವಾರಗಳಿಂದ ನಡುರಾತ್ರಿಯಲ್ಲಿ ಬಲಗೈ ಜೋಮು ಹಿಡಿದು ಎಚ್ಚರವಾಗುತ್ತಿದೆ. ಕೈಯನ್ನು ಮಂಚದಿಂದ ಇಳಿಬಿಟ್ಟು ಕೊಡವಿದರೆ ಐದು ನಿಮಿಷದಲ್ಲಿ ಸರಿಹೋಗುತ್ತದೆ. ಆದರೆ ಬೆಳಿಗ್ಗೆ ಬೆರಳುಗಳು ಬಿಗಿದುಕೊಂಡಿದ್ದು, ಕಾಫಿ ಲೋಟ ಕೈಯಿಂದ ಜಾರುತ್ತದೆ. ಮೊನ್ನೆ ಜಡೆ ಹೆಣೆದುಕೊಳ್ಳಲೂ ಆಗಲಿಲ್ಲ. ಅತ್ತೆಯವರು ಇದು ವಾಯು, ಎಣ್ಣೆ ಕಾಯಿಸಿ ತಿಕ್ಕಿದರೆ ಹೋಗುತ್ತದೆ ಎನ್ನುತ್ತಾರೆ. ಸಹೋದ್ಯೋಗಿಯೊಬ್ಬರು ಕ್ರೇಪ್ ಬ್ಯಾಂಡೇಜನ್ನು ಬಿಗಿಯಾಗಿ ಸುತ್ತಿಕೊಂಡು ಮಲಗಲು ಹೇಳಿದ್ದಾರೆ. ಇದರಿಂದ ಮಗುವಿಗೆ ತೊಂದರೆ ಇದೆಯೇ? ಹೆರಿಗೆಯ ನಂತರ ತಾನಾಗಿಯೇ ಹೋಗುವುದೇ?

ಉತ್ತರ: ನಮಸ್ಕಾರ. ಮೊದಲು ಒಂದು ವಿಷಯವನ್ನು ನೀವೇ ಗಮನಿಸಿ ಹೇಳಬೇಕು: ಜೋಮು ಹಿಡಿಯುವುದು ಯಾವ ಬೆರಳುಗಳಿಗೆ? ಇಡೀ ಕೈಗೆ ಎಂದು ಎಲ್ಲರೂ ಹೇಳುತ್ತಾರೆ; ಆದರೆ ಎಚ್ಚರವಾದ ಕ್ಷಣದಲ್ಲೇ ಒಂದೊಂದಾಗಿ ಮುಟ್ಟಿ ನೋಡಿದರೆ, ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧ ಭಾಗ ಜುಮುಗುಟ್ಟುತ್ತಿದ್ದು, ಕಿರುಬೆರಳು ಮಾತ್ರ ಸರಿಯಾಗಿಯೇ ಇರುವುದು ಸಾಮಾನ್ಯವಾಗಿ ಕಂಡುಬರುತ್ತದೆ. ನಿಮ್ಮಲ್ಲೂ ಹಾಗಿದ್ದರೆ ಇದು ಬಹುತೇಕ ಕಾರ್ಪಲ್ ಟನಲ್ ತೊಂದರೆ. ಕೊಡವಿದರೆ ಹಗುರಾಗುತ್ತದೆ ಎಂಬ ನಿಮ್ಮ ಮಾತೂ ಅದನ್ನೇ ಸೂಚಿಸುತ್ತದೆ.

ಮಣಿಕಟ್ಟಿನ ಅಂಗೈ ಬದಿಯಲ್ಲಿ, ಪುಟ್ಟ ಮೂಳೆಗಳು ಮತ್ತು ಅವುಗಳ ಮೇಲೆ ಅಡ್ಡಲಾಗಿ ಹಾಸಿದ ಗಟ್ಟಿ ಪಟ್ಟಿಯ ನಡುವೆ ಒಂದು ಇಕ್ಕಟ್ಟಾದ ದಾರಿ ಇದೆ; ಅದೇ ಕಾರ್ಪಲ್ ಟನಲ್. ಬೆರಳುಗಳನ್ನು ಮಡಿಸುವ ಒಂಬತ್ತು ಸ್ನಾಯುರಜ್ಜುಗಳೂ ಮೀಡಿಯನ್ ಎಂಬ ಒಂದು ನರವೂ ಅದರೊಳಗೇ ಹಾದುಹೋಗಬೇಕು. ಗರ್ಭಿಣಿಯ ದೇಹದಲ್ಲಿ, ವಿಶೇಷವಾಗಿ ಕೊನೆಯ ಮೂರು ತಿಂಗಳಲ್ಲಿ, ನೀರಿನ ಅಂಶ ಹೆಚ್ಚುತ್ತದೆ. ಪಾದ ಊದಿಕೊಂಡರೆ ಚಪ್ಪಲಿ ಬಿಗಿಯಾಗಿ ತಿಳಿಯುತ್ತದೆ. ಈ ದಾರಿಯೊಳಗೆ ಊದಿಕೊಂಡರೆ ಹಿಗ್ಗಲು ಜಾಗವೇ ಇಲ್ಲದ್ದರಿಂದ ನರ ಅದುಮಿಕೊಳ್ಳುತ್ತದೆ. ನಿದ್ದೆಯಲ್ಲಿ ನಮಗೆ ಗೊತ್ತಿಲ್ಲದೆಯೇ ಮಣಿಕಟ್ಟನ್ನು ಒಳಕ್ಕೆ ಮಡಿಸಿ ಕೆನ್ನೆಯ ಕೆಳಗೋ ದಿಂಬಿನಡಿಗೋ ಇಟ್ಟುಕೊಳ್ಳುವುದರಿಂದ ಒತ್ತಡ ಇನ್ನೂ ಏರುತ್ತದೆ. ಈ ತೊಂದರೆಯಿಂದ ಮಗುವಿಗೆ ಏನೂ ಆಗುವುದಿಲ್ಲ.

ಆದ್ದರಿಂದ ಮಾಡಬೇಕಾದ ಮುಖ್ಯ ಕೆಲಸವೆಂದರೆ ರಾತ್ರಿ ಮಣಿಕಟ್ಟು ಮಡಚದಂತೆ ನೆಟ್ಟಗಿಡುವುದು. ಕ್ರೇಪ್ ಬ್ಯಾಂಡೇಜ್ ಬಿಗಿಯಾಗಿ ಸುತ್ತುವುದು ಖಂಡಿತ ಬೇಡ. ಈಗಾಗಲೇ ಇಕ್ಕಟ್ಟಾದ ಜಾಗವನ್ನು ಹೊರಗಿನಿಂದಲೂ ಒತ್ತಿದಂತಾಗುತ್ತದೆ. ಔಷಧದ ಅಂಗಡಿಯಲ್ಲಿ, ಅಂಗೈ ಬದಿಗೆ ಲೋಹದ ಪಟ್ಟಿ ಇರುವ ರಿಸ್ಟ್ ಸ್ಪ್ಲಿಂಟ್ (ಮಣಿಕಟ್ಟನ್ನು ಮಡಚದಂತೆ ಹಿಡಿದಿಡುವ ಕಟ್ಟು) ಕೇಳಿ ಪಡೆಯಿರಿ. ಇಲ್ಲಿ ಬಹಳ ಜನ ಎಡವುವ ಒಂದು ಸಂಗತಿಯಿದೆ. ಸಿದ್ಧವಾಗಿ ಸಿಗುವ ಸ್ಪ್ಲಿಂಟುಗಳಲ್ಲಿ ಆ ಪಟ್ಟಿಯನ್ನು ಕೈ ಹಿಂದಕ್ಕೆ ಬಾಗುವಂತೆ ಮೊದಲೇ ಬಗ್ಗಿಸಿಟ್ಟಿರುವುದುಂಟು. ಅದು ಬೇರೆ ತೊಂದರೆಗಳಿಗೆ ಸರಿ, ಇದಕ್ಕಲ್ಲ. ಪಟ್ಟಿಯನ್ನು ಅದರ ಜೇಬಿನಿಂದ ಹೊರಗೆಳೆದು, ಮೇಜಿನ ಮೇಲೆ ಒತ್ತಿ ಹೆಚ್ಚುಕಡಿಮೆ ನೆಟ್ಟಗೆ ಮಾಡಿ, ಮತ್ತೆ ಒಳಗೆ ಸೇರಿಸಿ. ಕಟ್ಟಿಕೊಂಡಾಗ ಅಂಗೈ ಮತ್ತು ಮುಂಗೈ ಒಂದೇ ಗೆರೆಯಲ್ಲಿರಬೇಕು, ಬೆರಳುಗಳು ಪೂರ್ತಿ ಮಡಿಸಲು ಬರುವಂತಿರಬೇಕು, ಬಿಗಿಯುವ ಪಟ್ಟಿಯ ಕೆಳಗೆ ಒಂದು ಬೆರಳು ಸಲೀಸಾಗಿ ತೂರಬೇಕು. ಒಂದೆರಡು ರಾತ್ರಿಗೆ ಬೇಸತ್ತು ತೆಗೆದಿಡಬೇಡಿ. ಎರಡು ಮೂರು ವಾರವಾದರೂ ಬಿಡದೆ ಹಾಕಿಕೊಳ್ಳಿ.

ಹಗಲಿನಲ್ಲಿ ಕೀಬೋರ್ಡಿನ ಹಿಂದಿನ ಕಾಲುಗಳನ್ನು ಮಡಿಸಿ ಅದನ್ನು ಸಮತಟ್ಟಾಗಿಡಿ. ಮೊಣಕೈ ಮೇಜಿನ ಮಟ್ಟದಲ್ಲಿರಲಿ. ಚಪಾತಿ ಹಿಟ್ಟು ನಾದುವುದು, ಒದ್ದೆ ಬಟ್ಟೆ ಹಿಂಡುವುದು, ಕಾಯಿ ತುರಿಯುವುದು, ಇವು ಮೂರನ್ನೂ ಹೆರಿಗೆಯವರೆಗೆ ಮನೆಯ ಬೇರೆಯವರಿಗೆ ಒಪ್ಪಿಸಿ. ಮಲಗಿ ಫೋನ್ ನೋಡುವಾಗ ಅದನ್ನು ದಿಂಬಿಗೆ ಒರಗಿಸಿಡಿ. ಮೆತ್ತನೆಯ ಚೆಂಡನ್ನು ಹಿಸುಕುವ ವ್ಯಾಯಾಮವನ್ನು ಯಾರಾದರೂ ಹೇಳಿಕೊಟ್ಟಿದ್ದರೆ ನಿಲ್ಲಿಸಿ. ಬಲವಾಗಿ ಹಿಸುಕಿದಷ್ಟೂ ಆ ದಾರಿಯೊಳಗಿನ ಒತ್ತಡ ಹೆಚ್ಚುತ್ತದೆ. ಅದರ ಬದಲು, ಬೆರಳುಗಳನ್ನು ನೆಟ್ಟಗೆ ಚಾಚಿ, ಕೊಕ್ಕೆಯಂತೆ ಬಾಗಿಸಿ, ನಂತರ ಸಡಿಲವಾಗಿ ಮುಷ್ಟಿ ಕಟ್ಟಿ ಬಿಡುವುದನ್ನು ದಿನಕ್ಕೆ ಮೂರು ಸಲ, ಪ್ರತಿಸಲ ಐದಾರು ಬಾರಿ, ನೋವು ಬರದಷ್ಟೇ ಮಾಡಿ.

ಅತ್ತೆಯವರ ಎಣ್ಣೆಗೆ ನನ್ನ ಆಕ್ಷೇಪವಿಲ್ಲ. ಮೊಣಕೈ ಕಡೆಗೆ ಹಗುರವಾಗಿ ನೀವಿಕೊಂಡರೆ ಹಿತವೆನಿಸುತ್ತದೆ. ಮಣಿಕಟ್ಟಿನ ಒಳಬದಿಯನ್ನು ಹೆಬ್ಬೆರಳಿನಿಂದ ಅದುಮಿ ತಿಕ್ಕುವುದು ಮಾತ್ರ ಬೇಡ.

ಹೆಚ್ಚಿನವರಲ್ಲಿ ಹೆರಿಗೆಯಾದ ಕೆಲವು ವಾರಗಳಿಂದ ತಿಂಗಳುಗಳೊಳಗೆ ಇದು ಇಳಿಯುತ್ತದೆ. ಕೆಲವರಲ್ಲಿ ಹಾಲೂಡಿಸುವ ಅವಧಿಯಲ್ಲೂ ಮುಂದುವರಿಯಬಹುದು. ನಿಮ್ಮ ವಿಷಯದಲ್ಲಿ ಲೋಟ ಜಾರುತ್ತದೆ ಎಂಬ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಜೋಮು ಹಗಲಿನಲ್ಲೂ ಬಿಡದಿದ್ದರೆ, ಅಂಗಿಯ ಗುಂಡಿ ಹಾಕುವುದು ಕಷ್ಟವಾದರೆ ಅಥವಾ ಹೆಬ್ಬೆರಳ ಬುಡದ ಉಬ್ಬು ಇನ್ನೊಂದು ಕೈಗಿಂತ ಚಪ್ಪಟೆಯಾಗಿ ಕಂಡರೆ, ಹೆರಿಗೆಯವರೆಗೆ ಕಾಯದೆ ಮೂಳೆ ಅಥವಾ ನರರೋಗ ತಜ್ಞರಿಗೆ ತೋರಿಸಿ. ನರದ ಪರೀಕ್ಷೆಯನ್ನು ಗರ್ಭಿಣಿಯರಿಗೂ ಮಾಡಬಹುದು. ಅಗತ್ಯವಿದ್ದರೆ ಮಣಿಕಟ್ಟಿಗೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಡುವುದೂ ಉಂಟು. ಶಸ್ತ್ರಚಿಕಿತ್ಸೆಯವರೆಗೆ ಹೋಗುವವರು ವಿರಳ. ಥೈರಾಯ್ಡ್ ಮತ್ತು ಸಕ್ಕರೆಯ ವರದಿಗಳನ್ನೂ ಒಮ್ಮೆ ನೋಡಿಕೊಳ್ಳಿ, ಏಕೆಂದರೆ ಅವುಗಳ ಏರುಪೇರಿನಲ್ಲೂ ಇದೇ ಜೋಮು ಬರುತ್ತದೆ.

ಅದೇ ಓದುಗರಿಂದ: ನೀವು ಹೇಳಿದಂತೆ ನಿನ್ನೆ ರಾತ್ರಿ ಮುಟ್ಟಿ ನೋಡಿದೆ, ಕಿರುಬೆರಳಿಗೆ ನಿಜವಾಗಿಯೂ ಜೋಮು ಇರಲಿಲ್ಲ. ಇನ್ನೆರಡು ಸಂದೇಹಗಳಿವೆ. ಸೀಮಂತದಲ್ಲಿ ತೊಡಿಸಿದ ಹಸಿರು ಗಾಜಿನ ಬಳೆಗಳು ಈಗ ಬಿಗಿಯಾಗಿ ಕೈಯಲ್ಲಿ ಗೆರೆ ಮೂಡಿಸಿವೆ. ಹೆರಿಗೆಯವರೆಗೆ ತೆಗೆಯಬಾರದೆಂದು ಮನೆಯಲ್ಲಿ ಹೇಳುತ್ತಾರೆ. ಹಾಗೆಯೇ, ಮನೆಯಲ್ಲಿ ಡೈಕ್ಲೋಫೆನಾಕ್ ಜೆಲ್ ಇದೆ, ಹಚ್ಚಬಹುದೇ?

ಉತ್ತರ: ಜೆಲ್ ಬೇಡ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಗುಂಪಿನ ನೋವಿನ ಮಾತ್ರೆಗಳನ್ನು 20 ವಾರಗಳ ನಂತರ ವೈದ್ಯರು ಹೇಳದೆ ತೆಗೆದುಕೊಳ್ಳಬಾರದು. ಅವು ಮಗುವಿನ ಮೂತ್ರಪಿಂಡದ ಮೇಲೆ ಪರಿಣಾಮ ಬೀರಿ ಗರ್ಭನೀರನ್ನು ಕಡಿಮೆ ಮಾಡಬಹುದು. ಕೊನೆಯ ತಿಂಗಳುಗಳಲ್ಲಿ ಮಗುವಿನ ಹೃದಯದ ಹತ್ತಿರದ ಒಂದು ರಕ್ತನಾಳ ಅವಧಿಗೆ ಮುನ್ನವೇ ಮುಚ್ಚಿಕೊಳ್ಳುವ ಅಪಾಯವೂ ಇದೆ. ಜೆಲ್ಲಿನಿಂದ ರಕ್ತಕ್ಕೆ ಸೇರುವ ಪ್ರಮಾಣ ಕಡಿಮೆಯಾದರೂ ಸೇರುವುದಂತೂ ನಿಜ. ನೋವು ತಡೆಯಲಾಗದಿದ್ದರೆ ನಿಮ್ಮ ಪ್ರಸೂತಿ ವೈದ್ಯರನ್ನು ಕೇಳಿ ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು. ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ನಿಮಿಷ ಇಟ್ಟುಕೊಳ್ಳುವುದರಿಂದಲೂ ಕೆಲವರಿಗೆ ಹಗುರಾಗುತ್ತದೆ.

ಬಳೆಯ ವಿಷಯದಲ್ಲಿ ಹಿರಿಯರ ಮನಸ್ಸು ನೋಯಿಸಬೇಕೆಂದು ನಾನು ಹೇಳುವುದಿಲ್ಲ, ಆದರೆ ಗೆರೆ ಮೂಡುವಷ್ಟು ಬಿಗಿಯಾಗಿದ್ದರೆ ತೆಗೆಯಲೇಬೇಕು. ನಾಳೆ ಊತ ಹೆಚ್ಚಿದರೆ ಗಾಜನ್ನು ಕೈಯ ಮೇಲೆಯೇ ಒಡೆಯಬೇಕಾಗುತ್ತದೆ. ಬೆಳಿಗ್ಗೆ ಊತ ಹೆಚ್ಚಿರುವುದರಿಂದ ಸ್ವಲ್ಪ ಹೊತ್ತು ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲೆ ಎತ್ತಿ ಹಿಡಿದಿರಿ. ನಂತರ ಬಳೆ ಅಂಗಡಿಯವರು ಮಾಡುವಂತೆ ತೆಳುವಾದ ಪ್ಲಾಸ್ಟಿಕ್ ಕವರನ್ನು ಕೈಗೆ ಹಾಕಿ, ಅದರ ಮೇಲೆ ಎಣ್ಣೆ ಸವರಿ, ಒಂದೊಂದಾಗಿ ಜಾರಿಸಿ. ಮನೆಯವರಿಗೆ ಸಮಾಧಾನವಾಗುವಂತೆ ಒಂದು ಅಳತೆ ದೊಡ್ಡ ಹಸಿರು ಬಳೆ ತೊಟ್ಟುಕೊಳ್ಳಬಹುದು. ಉಂಗುರವನ್ನು ಇವತ್ತೇ ತೆಗೆದಿಡಿ.

ಊತದ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಕೈ ಮತ್ತು ಮುಖ ಒಂದೆರಡು ದಿನದಲ್ಲಿ ದಿಢೀರನೆ ಊದಿಕೊಂಡರೆ, ಜೊತೆಗೆ ಬಿಡದ ತಲೆನೋವು, ಕಣ್ಣು ಮಂಜಾಗುವುದು ಅಥವಾ ಬಲಪಕ್ಕೆಯ ಕೆಳಗೆ ನೋವು ಇದ್ದರೆ, ಅದು ಕೈಯ ಸಮಸ್ಯೆಯಲ್ಲ, ರಕ್ತದೊತ್ತಡದ್ದಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ ರಕ್ತದೊತ್ತಡ ನೋಡಿಸಿ. 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರು ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂದು ಪರೀಕ್ಷಿಸುತ್ತಾರೆ.

ಮತ್ತೊಬ್ಬ ಓದುಗರಿಂದ: ನನಗೆ ಹೆರಿಗೆಯಾಗಿ ಎರಡು ತಿಂಗಳಾಯಿತು. ಜೋಮು ಇಲ್ಲ, ಆದರೆ ಮಗುವನ್ನು ಎತ್ತುವಾಗ ಹೆಬ್ಬೆರಳ ಬುಡದಿಂದ ಮುಂಗೈಗೆ ಚುಚ್ಚಿದಂತೆ ನೋವಾಗುತ್ತದೆ. ಇದೂ ಅದೇ ತೊಂದರೆಯೇ?

ಉತ್ತರ: ಅಲ್ಲ, ಇದು ಬೇರೆ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಸಿ, ಮಣಿಕಟ್ಟನ್ನು ಕಿರುಬೆರಳ ಕಡೆಗೆ ಮೆಲ್ಲನೆ ಬಾಗಿಸಿ ನೋಡಿ. ನೋವು ಸುರ್ರೆಂದರೆ ಅದು ಡಿ ಕ್ವೆರ್ವೇನ್ ತೊಂದರೆ ಇರಬಹುದು. ಸ್ವಿಟ್ಜರ್‌ಲೆಂಡಿನ ಶಸ್ತ್ರವೈದ್ಯ ಫ್ರಿಟ್ಜ್ ಡಿ ಕ್ವೆರ್ವೇನ್ 1895ರಲ್ಲಿ ಇದನ್ನು ವಿವರಿಸಿದ್ದರಿಂದ ಆ ಹೆಸರು. ಹೆಬ್ಬೆರಳನ್ನು ಎತ್ತುವ ಎರಡು ಸ್ನಾಯುರಜ್ಜುಗಳು ತಮ್ಮ ಹೊದಿಕೆಯೊಳಗೆ ಸರಾಗವಾಗಿ ಜಾರದೆ ಉಜ್ಜಿಕೊಳ್ಳುತ್ತವೆ. ಕಂಕುಳಿಗೆ ಕೈಹಾಕಿ, ಹೆಬ್ಬೆರಳನ್ನು ಅಗಲಿಸಿ ದಿನಕ್ಕೆ ಹತ್ತಾರು ಸಲ ಮಗುವನ್ನು ಎತ್ತುವುದು ಇದಕ್ಕೆ ಮುಖ್ಯ ಕಾರಣ. ಇನ್ನು ಮುಂದೆ ಎರಡೂ ಅಂಗೈಗಳನ್ನು ಮೇಲ್ಮುಖವಾಗಿಸಿ, ಒಂದನ್ನು ಮಗುವಿನ ತಲೆ ಮತ್ತು ಭುಜದ ಕೆಳಗೆ, ಇನ್ನೊಂದನ್ನು ಕುಂಡಿಯ ಕೆಳಗೆ ತೂರಿಸಿ, ಹೆಬ್ಬೆರಳನ್ನು ತೋರುಬೆರಳಿಗೆ ಅಂಟಿಸಿಕೊಂಡೇ ಎತ್ತಿ. ಹಾಲೂಡಿಸುವಾಗ ಮಗುವಿನ ಭಾರ ದಿಂಬಿನ ಮೇಲಿರಲಿ. ನಿಮಗೆ ಬೇಕಾದ ಸ್ಪ್ಲಿಂಟ್ ಹೆಬ್ಬೆರಳನ್ನೂ ಹಿಡಿದಿಡುವಂಥದ್ದು. ಮೊದಲ ಪ್ರಶ್ನೆಗೆ ಹೇಳಿದ್ದನ್ನು ಕೊಳ್ಳಬೇಡಿ. ಮಗುವಿಗೆ ನೀರೆರೆಯುವ ಕೆಲಸವನ್ನು ಮೂರು ನಾಲ್ಕು ವಾರ ನಿಮ್ಮ ತಾಯಿಯವರೇ ನೋಡಿಕೊಳ್ಳಲಿ. ಅಷ್ಟರಲ್ಲಿ ನೋವು ಇಳಿಯದಿದ್ದರೆ ಮೂಳೆ ತಜ್ಞರ ಬಳಿ ಹೋಗಿ, ಹಾಲೂಡಿಸುತ್ತಿರುವ ವಿಷಯವನ್ನು ಮೊದಲೇ ಹೇಳಿ.