ಊದುಕೊಳವೆ ಕೈಬಿಟ್ಟ ಮೇಲೂ ಆ ಗಾಜು ಚಿಹುಲಿಯವರದೇ?

ಪ್ರಶ್ನೆ (ಡೊಂಬಿವಲಿಯಿಂದ):
ಮಾನ್ಯರೇ, ಮಾಟುಂಗದಲ್ಲಿ ಸೇರುವ ನಮ್ಮ ಕನ್ನಡ ಓದುಬಳಗದಲ್ಲಿ ಅಮೆರಿಕದ ಗಾಜಿನ ಕಲಾವಿದ ಡೇಲ್ ಚಿಹುಲಿಯವರ ಕುರಿತು ಮಾತನಾಡುವ ಹೊಣೆ ನನ್ನ ಪಾಲಿಗೆ ಬಂದಿದೆ. 1941ರಲ್ಲಿ ವಾಷಿಂಗ್ಟನ್ ರಾಜ್ಯದ ಟಕೋಮಾದಲ್ಲಿ ಹುಟ್ಟಿದ ಅವರು, 1976ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಕಾರು ಅಪಘಾತದಲ್ಲಿ ಎಡಗಣ್ಣಿನ ದೃಷ್ಟಿ ಕಳೆದುಕೊಂಡರು. 1979ರಲ್ಲಿ ಕಡಲಲೆಗಳಲ್ಲಿ ಈಜಾಡುವಾಗ ಭುಜದ ಕೀಲು ತಪ್ಪಿದ ಮೇಲೆ ಕುಲುಮೆಯ ಕೆಲಸವನ್ನು ಸಂಗಡಿಗರಿಗೇ ಒಪ್ಪಿಸಿದರು. ಲಾಸ್ ವೇಗಾಸಿನ ಬೆಲ್ಲಾಜಿಯೊ ಹೋಟೆಲಿನ ಚಾವಣಿಯಲ್ಲಿ 1998ರಿಂದ ತೂಗುತ್ತಿರುವ ಸುಮಾರು 2000 ಗಾಜಿನ ಹೂಗಳು ಇದಾದ ಎಷ್ಟೋ ವರ್ಷಗಳ ನಂತರದವು. ತಾನು ಊದದ ಗಾಜನ್ನು ತನ್ನದೆನ್ನುವುದು ಹೇಗೆ ಎಂದು ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಬಲ್ಲವರು ತಿಳಿಸಿಕೊಡಬೇಕು.

ಉತ್ತರ 1 (ಪುಣೆಯಿಂದ):
ನಾನು ಪ್ರಯೋಗಾಲಯವೊಂದರಲ್ಲಿ ಗಾಜಿನ ಉಪಕರಣಗಳನ್ನು ಮಾಡಿ ನಿವೃತ್ತನಾದವನು. ಬರ್ನರಿನ ಮುಂದೆ ಕುಳಿತು ಬೋರೋಸಿಲಿಕೇಟ್ ಎಂಬ ಕಾವು ತಾಳುವ ಗಾಜಿನ ಕೊಳವೆಯನ್ನು ಕಾಯಿಸಿ ಊದುವ ನಮ್ಮ ಕೆಲಸವನ್ನು ಒಬ್ಬರೇ ಮಾಡಿ ಮುಗಿಸಬಹುದು. ಕುಲುಮೆಯ ಕೆಲಸ ಹಾಗಲ್ಲ. ಸುಮಾರು 1100 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಜೇನಿನಂತೆ ಮಂದವಾಗಿರುವ ಗಾಜನ್ನು ಕೊಳವೆಯ ತುದಿಗೆ ಸುತ್ತಿಕೊಂಡು ಹೊರತೆಗೆದ ಗಳಿಗೆಯಿಂದ ಅದನ್ನು ತಿರುಗಿಸುತ್ತಲೇ ಇರಬೇಕು. ಕೈ ನಿಂತರೆ ಗಾಜಿನ ಮುದ್ದೆ ಒಂದು ಬದಿಗೆ ಜೋತುಬೀಳುತ್ತದೆ. ಗ್ಯಾಫರ್ ಎಂದು ಕರೆಯುವ ಮುಖ್ಯ ಕುಶಲಕರ್ಮಿ ಬೆಂಚಿನ ಮೇಲೆ ಕುಳಿತು, ಒಂದು ಕೈಯಲ್ಲಿ ಕೊಳವೆಯನ್ನು ಉರುಳಿಸುತ್ತ, ಇನ್ನೊಂದು ಅಂಗೈಯಲ್ಲಿ ಮಡಿಸಿದ ಒದ್ದೆ ವೃತ್ತಪತ್ರಿಕೆಯನ್ನು ಹಿಡಿದು ಗಾಜಿಗೆ ಆಕಾರ ಕೊಡುತ್ತಾರೆ. ಕಾಗದದ ಅಂಚು ಕರಕಲಾಗಿ ಹೊಗೆಯೇಳುತ್ತಿರುತ್ತದೆ, ಆದರೆ ಅದರಲ್ಲಿರುವ ನೀರು ಕೈಯನ್ನು ಕಾಯುತ್ತದೆ. ಅದೇ ಹೊತ್ತಿಗೆ ಕೊಳವೆಯ ಇನ್ನೊಂದು ತುದಿಯಲ್ಲಿ ಬಾಯಿಟ್ಟು ಊದುವವರು ಸಹಾಯಕರು! ಆದ್ದರಿಂದ ಉಸಿರು ಯಾರದು ಎಂಬುದರಿಂದ ಕೃತಿ ಯಾರದು ಎಂದು ತೀರ್ಮಾನಿಸುವುದು ಈ ಕಸುಬಿನಲ್ಲಿ ಮೊದಲಿನಿಂದಲೂ ಸಾಧ್ಯವಿಲ್ಲ. ಒಂದೇ ಕಣ್ಣಿನಲ್ಲಿ ದೂರದ ಅಂದಾಜು ಸರಿಯಾಗಿ ಸಿಗದಿರುವಾಗ, ಉರಿಯುವ ಗಾಜು ಹಿಡಿದು ಹತ್ತಾರು ಜನರ ನಡುವೆ ಓಡಾಡುವುದು ಎಂಥ ಅಪಾಯ ಎಂಬುದನ್ನೂ ತಮ್ಮ ಬಳಗಕ್ಕೆ ತಿಳಿಸಿ.

ಉತ್ತರ 2 (ಮುಲುಂಡಿನಿಂದ):
ನಮ್ಮವರಿಗೆ ಯಕ್ಷಗಾನದ ಮೂಲಕ ಹೇಳಿದರೆ ಬೇಗ ಮನದಟ್ಟಾಗುತ್ತದೆ. ಭಾಗವತರು ಗೆಜ್ಜೆ ಕಟ್ಟುವುದಿಲ್ಲ, ಬಣ್ಣ ಹಚ್ಚುವುದಿಲ್ಲ. ಆದರೂ ಮೇಳದಲ್ಲಿ ಅವರನ್ನೇ ಒಂದನೇ ವೇಷವೆಂದು ಎಣಿಸುತ್ತಾರೆ, ಏಕೆಂದರೆ ಇಡೀ ಪ್ರಸಂಗದ ನಡೆ ಅವರ ಕೈಯಲ್ಲಿರುತ್ತದೆ. ಚಿಹುಲಿಯವರೂ ಮನಸ್ಸಿನಲ್ಲಿರುವ ಆಕಾರವನ್ನು ತಂಡಕ್ಕೆ ತಿಳಿಸಲು ದೊಡ್ಡ ಹಾಳೆಗಳ ಮೇಲೆ ಬಣ್ಣದಲ್ಲಿ ರಭಸದಿಂದ ಚಿತ್ರ ಬರೆಯತೊಡಗಿದರು. ತಂಡವಾಗಿ ದುಡಿಯುವ ಕ್ರಮವನ್ನು ಅವರು ಕಂಡದ್ದಾದರೂ ಗಾಯಗೊಂಡ ಮೇಲಲ್ಲ. 1968ರಲ್ಲಿ ಫುಲ್‌ಬ್ರೈಟ್ ಎಂಬ ಅಮೆರಿಕದ ವಿದ್ಯಾರ್ಥಿವೇತನ ಪಡೆದು ವೆನಿಸ್ಸಿಗೆ ಹೋಗಿ, ಮುರಾನೋ ದ್ವೀಪದ ವೆನಿನಿ ಗಾಜಿನ ಕಾರ್ಖಾನೆಯಲ್ಲಿದ್ದಾಗಲೇ ಕಂಡಿದ್ದರು. 1971ರಲ್ಲಿ ಸಿಯಾಟಲ್ಲಿನ ಉತ್ತರಕ್ಕೆ ಪಿಲ್ಚಕ್ ಗಾಜಿನ ಶಾಲೆಯನ್ನು ಇತರರೊಡನೆ ಸೇರಿ ಕಟ್ಟಿದವರೂ ಅವರೇ.

ಉತ್ತರ 3 (ಮಡಗಾಂವಿನಿಂದ):
ಮುಲುಂಡಿನವರ ಹೋಲಿಕೆ ಚೆನ್ನಾಗಿದೆ, ಆದರೆ ಅರ್ಧಕ್ಕೆ ನಿಂತಿದೆ. ಯಕ್ಷಗಾನದ ಕರಪತ್ರದಲ್ಲಿ ಮುಮ್ಮೇಳದವರ ಹೆಸರೂ ಇರುತ್ತದೆ, ಚೆಂಡೆ ಮದ್ದಳೆಯವರ ಹೆಸರೂ ಇರುತ್ತದೆ. ಗಾಜಿನ ಕೃತಿಯ ಕೆಳಗೆ ಬಹುಮಟ್ಟಿಗೆ ಒಬ್ಬರ ಹೆಸರು ಮಾತ್ರ ಉಳಿಯುತ್ತದೆ, ಅದು ನನಗೆ ನ್ಯಾಯವೆನಿಸುವುದಿಲ್ಲ. ತಾವು ಮಾತನಾಡುವಾಗ, ಚಿಹುಲಿಯವರ ಗ್ಯಾಫರ್ ಆಗಿದ್ದು ಮುಂದೆ ಸ್ವತಃ ದೊಡ್ಡ ಕಲಾವಿದರಾದ ವಿಲಿಯಂ ಮಾರಿಸ್ ಅವರನ್ನು ದಯವಿಟ್ಟು ನೆನೆಯಿರಿ. ಮುರಾನೋದ ಲೀನೋ ತಾಲ್ಯಾಪಿಯೆತ್ರಾ ಅವರನ್ನೂ ಬಿಡಬೇಡಿ. 1934ರಲ್ಲಿ ಹುಟ್ಟಿ, ಬಾಲ್ಯದಲ್ಲೇ ಕುಲುಮೆಯ ಕೆಲಸಕ್ಕೆ ಸೇರಿ, ಇಪ್ಪತ್ತೊಂದನೇ ವಯಸ್ಸಿಗೆ ಮಾಎಸ್ತ್ರೋ, ಅಂದರೆ ಕಸುಬಿನಲ್ಲಿ ಪಳಗಿದ ಮುಖ್ಯ ಕುಶಲಕರ್ಮಿ, ಎನಿಸಿಕೊಂಡ ಅವರು, ಹೊರಗಿನವರಿಗೆ ಕಸುಬಿನ ಗುಟ್ಟು ಬಿಟ್ಟುಕೊಡದ ಊರಿನಿಂದ 1979ರಲ್ಲಿ ಪಿಲ್ಚಕ್‌ಗೆ ಬಂದು ಕಲಿತದ್ದನ್ನೆಲ್ಲ ಅಲ್ಲಿಯವರಿಗೆ ಕಲಿಸಿಕೊಟ್ಟರು.

ಪ್ರಶ್ನೆ ಕೇಳಿದವರು:
ಮೂವರಿಗೂ ವಂದನೆಗಳು. ಒದ್ದೆ ವೃತ್ತಪತ್ರಿಕೆಯಿಂದಲೇ ಮಾತು ಆರಂಭಿಸುತ್ತೇನೆ. ಮಾರಿಸ್ ಮತ್ತು ಲೀನೋ ಅವರ ಹೆಸರುಗಳನ್ನು ಆಮಂತ್ರಣದಲ್ಲಿಯೇ ಸೇರಿಸಲು ಬಳಗಕ್ಕೆ ತಿಳಿಸಿದ್ದೇನೆ.